ಮಾವನ ಕಾರು ಆಯಿಲ್ ಕುಡೀತಿತ್ತಾ? ಹನುಮಂತನಗರದ ಒಂದು ಪ್ರಕರಣ

ಕಾರು 2014ರದ್ದು. 1 ಲೀಟರ್ ಪೆಟ್ರೋಲ್ ಎಂಜಿನ್, ಮೂರು ಸಿಲಿಂಡರ್, 78,000 ಕಿ.ಮೀ. ಓಡಿದೆ. ಓಡಿಸುವವರು ನಮ್ಮ ಸೋದರಮಾವ, ಬ್ಯಾಂಕಿನಿಂದ ರಿಟೈರ್ ಆಗಿ ಆರು ವರ್ಷ ಆಯಿತು. ಮನೆ ಬೆಂಗಳೂರಿನ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಹತ್ತಿರದ ಒಂದು ಅಡ್ಡರಸ್ತೆ. ಆ ಕಡೆ ಓಡಾಡಿದವರಿಗೆ ಗೊತ್ತು, ಒಂದು ರಸ್ತೆ ಏರಿದರೆ ಇನ್ನೊಂದು ಇಳಿಯುತ್ತದೆ, ಸಪಾಟು ಜಾಗ ಹುಡುಕಬೇಕು. ಗೇಟಿನ ಒಳಗೆ ಕಾರಿಗೆ ಜಾಗವಿಲ್ಲ. ಮನೆ ಮುಂದೆಯೇ, ಮೂತಿ ಏರಿನ ಕಡೆಗೆ ಮಾಡಿ ನಿಲ್ಲಿಸುತ್ತಾರೆ. ಕಾರು ತಂದ ದಿನದಿಂದ ಹಾಗೇ.

ಈ ಮೂತಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಶುಕ್ರವಾರ ರಾತ್ರಿ ಫೋನ್ ಬಂತು. "ಲೋ, ಕಾರು ಆಯಿಲ್ ಕುಡೀತಾ ಇದೆ ಕಣೋ. ರಿಂಗ್ ಹೋಗಿದೆಯಂತೆ. ಎಂಜಿನ್ ಬಿಚ್ಚಬೇಕಂತೆ, 45,000 ಆಗುತ್ತಂತೆ. ಅಷ್ಟು ಸುರಿಯೋ ಬದಲು ಮಾರಿಬಿಡೋದೇ ವಾಸಿ ಅಲ್ವಾ?" ರಿಂಗ್ ಅಂದರೆ ಪಿಸ್ಟನ್ ಸುತ್ತ ಇರುವ ಉಂಗುರ, ಅದು ಸವೆದರೆ ಆಯಿಲ್ ಸಿಲಿಂಡರ್ ಒಳಗೆ ನುಗ್ಗಿ ಸುಡುತ್ತದೆ. ಅತ್ತೆಗೆ ಮಂಡಿನೋವು, ವಾರಕ್ಕೆ ಎರಡು ಸಲ ಜಯನಗರಕ್ಕೆ ಫಿಸಿಯೋಥೆರಪಿಗೆ ಹೋಗಬೇಕು, ಆಟೋ ಹತ್ತಿ ಇಳಿಯೋದು ಅವರಿಗೆ ಆಗಲ್ಲ. ಆ ಮನೆಗೆ ಕಾರು ಶೋಕಿಗಲ್ಲ. ನಾನು ಹೇಳಿದ್ದು ಒಂದೇ ಮಾತು: "ಮಾವ, ನಾಳೆ ಬೆಳಿಗ್ಗೆ ನಾನು ಬರೋವರೆಗೂ ಕಾರ್ ಸ್ಟಾರ್ಟ್ ಮಾಡಬೇಡಿ, ಜಾಗದಿಂದ ಅಲ್ಲಾಡಿಸಲೂ ಬೇಡಿ."

ಮೊದಲು ನಡೆದದ್ದು ನಡೆದ ಹಾಗೆ.

ಫೆಬ್ರವರಿಯಲ್ಲಿ ಸರ್ವೀಸ್ ಆಗಿತ್ತು. ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಗಿತ್ತು. ಅಲ್ಲಿಂದ ಜೂನ್‌ವರೆಗೆ ಸುಮಾರು 3,000 ಕಿ.ಮೀ. ಜೂನ್ ಮೊದಲ ವಾರ ಮಾವ ಒಂದು ಬೆಳಿಗ್ಗೆ ಬಾನೆಟ್ ಎತ್ತಿ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿದ್ದಾರೆ. ಅವರು ಅಚ್ಚುಕಟ್ಟಿನ ಮನುಷ್ಯ. ಎಂಜಿನ್ ತಣ್ಣಗಿತ್ತು, ಕಡ್ಡಿಯನ್ನು ಒರೆಸಿ ಮತ್ತೆ ಪೂರ್ತಿ ಒತ್ತಿ ಎಳೆದಿದ್ದರು. ಆಯಿಲ್ ಕೆಳಗಿನ ಗುರುತಿನಲ್ಲಿ, ಅಂದರೆ ಎಲ್ ಹತ್ತಿರ ನಿಂತಿತ್ತು. ಸರ್ವೀಸ್ ಆಗಿ ನಾಲ್ಕೇ ತಿಂಗಳಿಗೆ! ಅವರಿಗೆ ಗಾಬರಿ ಆಗಿದ್ದು ಸಹಜ.

ಅದೇ ವಾರ ಕನಕಪುರದ ಕಡೆ ಒಂದು ಗೃಹಪ್ರವೇಶ. ದಾರಿಯಲ್ಲಿ ಒಂದು ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಆಯಿಲ್ ನೋಡಿ ಅಂದಿದ್ದಾರೆ. ಎಂಜಿನ್ ಆಫ್ ಮಾಡಿ ಒಂದು ನಿಮಿಷವೂ ಆಗಿರಲಿಲ್ಲ. ಹುಡುಗ ಕಡ್ಡಿ ಎಳೆದ, ಒರೆಸಿದ, ಹಾಕಿ ತೆಗೆದ, "ಲೋ ಇದೆ ಸರ್" ಅಂದ. ಅರ್ಧ ಲೀಟರ್ ಡಬ್ಬಿ ಹಾಕಿಸಿಕೊಂಡರು. ಮಾರನೇ ದಿನ ಮನೆ ಮುಂದೆ ನೋಡಿದರೆ ಎರಡು ಗುರುತಿನ ಮಧ್ಯಕ್ಕೆ ಬಂದಿತ್ತು. ಫುಲ್ ಇರಲಿ ಅಂತ ಇನ್ನೊಂದು ಅರ್ಧ ಲೀಟರ್ ತಂದು ತಾವೇ ಹಾಕಿದರು. ಈಗ ಸರಿಯಾಗಿ ಮೇಲಿನ ಗುರುತಿಗೆ, ಅಂದರೆ ಎಫ್‌ಗೆ ಬಂತು. ಸಮಾಧಾನ ಆಯಿತು.

ಹತ್ತು ದಿನ ಕಳೆದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ನೀಲಿ ಹೊಗೆ. ಎಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್‌ನ ಅಂಚಿನಲ್ಲಿ ಆಯಿಲ್ ಜಿನುಗು. ಹತ್ತಿರದ ಒಂದು ಗ್ಯಾರೇಜಿನಲ್ಲಿ ತೋರಿಸಿದರು. ಮೆಕ್ಯಾನಿಕ್ ಕೇಳಿದ್ದು ಎರಡು ವಿಷಯ: ಹೊಗೆ ಯಾವ ಬಣ್ಣ, ಇತ್ತೀಚೆಗೆ ಎಷ್ಟು ಆಯಿಲ್ ಹಾಕಿದ್ದೀರಿ. ನೀಲಿ ಹೊಗೆ, ಒಂದು ಲೀಟರ್. "ರಿಂಗ್ ಹೋಗಿದೆ ಸರ್." ಆ ಎರಡು ಉತ್ತರ ಕೇಳಿದ ಯಾರೇ ಆದರೂ ಮೊದಲು ಅದನ್ನೇ ಹೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡದೆ ಎಂಜಿನ್ ಬಿಚ್ಚುವ ಲೆಕ್ಕ ಕೊಡಬಾರದಿತ್ತು. ಅದು ಒಬ್ಬರ ಪೆನ್ಷನ್ ದುಡ್ಡು.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಹೋದೆ. ಕಾರು ರಾತ್ರಿಯಿಂದ ನಿಂತಲ್ಲೇ ನಿಂತಿತ್ತು. ಒಂದು ಹಳೇ ಬನಿಯನ್ ಬಟ್ಟೆ, ಬಿಳಿ ಟಿಶ್ಯೂ, 15 ಸೆಂ.ಮೀ. ಸ್ಟೀಲ್ ಸ್ಕೇಲ್, ಇಷ್ಟೇ ನಾನು ತಂದದ್ದು.

ಡಿಪ್‌ಸ್ಟಿಕ್ ಎಳೆದೆ. ಈ ಮೊದಲ ಸಲದ ಗುರುತನ್ನು ನಂಬಬೇಡಿ. ಓಡುವಾಗ ಚಿಮ್ಮಿದ ಆಯಿಲ್ ಕಡ್ಡಿಯ ಮೇಲೆಲ್ಲ ಮೆತ್ತಿಕೊಂಡಿರುತ್ತದೆ. ಇನ್ನೊಂದು ವಿಷಯ, ಕೆಲವು ಕಾರುಗಳಲ್ಲಿ ಕಡ್ಡಿಯ ತಲೆಯಲ್ಲಿ ರಬ್ಬರ್ ರಿಂಗ್ ಬಿಗಿಯಾಗಿ ಕೂತಿರುತ್ತದೆ, ಆಗ ಪೈಪಿನೊಳಗೆ ಗಾಳಿ ಸಿಕ್ಕಿಹಾಕಿಕೊಂಡು ಪೈಪಿನಲ್ಲಿರುವ ಆಯಿಲ್ ಕೆಳಗಿನ ಚೇಂಬರ್‌ನಲ್ಲಿರುವ ಮಟ್ಟಕ್ಕೆ ಸಮನಾಗಿ ನಿಲ್ಲುವುದಿಲ್ಲ. ಅದಕ್ಕೆ ಎಳೆದು, ಒಂದೆರಡು ನಿಮಿಷ ಹಾಗೇ ಬಿಟ್ಟು, ಒರೆಸಿ, ಆಮೇಲೆ ಹಾಕಬೇಕು. ಹಾಕುವಾಗ ತಲೆ ಕೂತ ಸದ್ದು ಕೈಗೆ ಗೊತ್ತಾಗುತ್ತದೆ. ಅರ್ಧ ಸೆಂ.ಮೀ. ಮೇಲೇ ನಿಂತರೆ ಅಷ್ಟು ಆಯಿಲ್ ಕಮ್ಮಿ ಇದ್ದ ಹಾಗೆ ಕಾಣುತ್ತದೆ.

ಎರಡನೇ ಸಲ ಎಳೆದಾಗ ಕಡ್ಡಿಯನ್ನು ಅಡ್ಡ ಹಿಡಿದೆ. ತುದಿ ಮೇಲೆ ಮಾಡಿ ಹಿಡಿಯುವವರು ತುಂಬಾ ಜನ, ಹಾಗೆ ಹಿಡಿದರೆ ಆಯಿಲ್ ಹಿಂದಕ್ಕೆ ಹರಿದು ಇಲ್ಲದ ಮಟ್ಟ ತೋರಿಸುತ್ತದೆ. ಒಂದು ಬದಿಯಲ್ಲಿ ಆಯಿಲ್ ಗೆರೆಗೆರೆಯಾಗಿ ಮೇಲಿನವರೆಗೂ ಹಬ್ಬಿತ್ತು. ಕಡ್ಡಿ ಪೈಪಿನ ತಿರುವಿನಲ್ಲಿ ಗೋಡೆಗೆ ಉಜ್ಜಿಕೊಂಡು ಬಂದ ಬದಿ ಅದು. ತಿರುಗಿಸಿದರೆ ಇನ್ನೊಂದು ಬದಿಯಲ್ಲಿ ನೇರವಾದ ಅಂಚು, ಅಲ್ಲಿಂದ ಮೇಲೆ ಲೋಹ ಒಣಗಿತ್ತು. ಲೆಕ್ಕಕ್ಕೆ ತಗೊಳ್ಳಬೇಕಾದದ್ದು ಈ ಕೆಳಗಿನ ಅಂಚನ್ನು. ನಾಲ್ಕು ತಿಂಗಳ ಆಯಿಲ್ ಆದ್ದರಿಂದ ಬಣ್ಣ ಇತ್ತು, ಕಂಡಿತು. ಹೊಸ ಆಯಿಲ್ ಜೇನಿನ ಬಣ್ಣ, ಬೆಳಕಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಆಗ ಕಡ್ಡಿಯ ಚಪ್ಪಟೆ ಬದಿಯನ್ನು ಟಿಶ್ಯೂ ಮೇಲೆ ಮೆಲ್ಲಗೆ ಇಟ್ಟರೆ ಎಲ್ಲಿಯವರೆಗೆ ಒದ್ದೆ ಅಂತ ಕಾಗದವೇ ಹೇಳುತ್ತದೆ.

ಎಫ್‌ಗಿಂತ 1 ಮಿ.ಮೀ. ಮೇಲೆ. ಎರಡು ಗುರುತಿನ ನಡುವೆ ಸ್ಕೇಲ್ ಇಟ್ಟೆ, 20 ಮಿ.ಮೀ.

"ನೋಡು, ಫುಲ್ ಇದೆ. ಆದ್ರೂ ಹೊಗೆ" ಅಂದರು ಮಾವ.

ನಾನು ಎದ್ದು ನಿಂತು ಕಾರನ್ನು ಪಕ್ಕದಿಂದ ನೋಡಿದೆ. ರಸ್ತೆಯ ಓರೆ ದಿನಾ ನೋಡುವವರಿಗೆ ಕಾಣಲ್ಲ. ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟಿತ್ತು. ಎದುರು ಮನೆಯಲ್ಲಿ ಮಹಡಿ ಕೆಲಸ ನಡೆಯುತ್ತಿತ್ತು, ಅಲ್ಲಿನ ಗಾರೆ ಮೇಸ್ತ್ರಿ ಹತ್ತಿರ ರಸಮಟ್ಟ ಕೇಳಿದೆ. ಅವರೇ ಒಂದು 4 ಅಡಿಯ ರೀಪರ್ ಪಟ್ಟಿ ಹಿಡಿದುಕೊಂಡು ಬಂದರು. ಪಟ್ಟಿಯ ಒಂದು ತುದಿ ರಸ್ತೆಗೆ ಊರಿ, ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರೋವರೆಗೂ ಇನ್ನೊಂದು ತುದಿ ಎತ್ತಿದರು. ಕೆಳಗಿನ ಸಂದು ಅಳೆದರೆ 4 ಇಂಚು. "ಹನ್ನೆರಡಕ್ಕೆ ಒಂದು ಸರ್, ಈ ರೋಡು ಜೋರಾಗಿದೆ" ಅಂದರು ಮೇಸ್ತ್ರಿ. 48 ಇಂಚಿಗೆ 4 ಇಂಚು, ಸುಮಾರು 5 ಡಿಗ್ರಿ ಓರೆ.

ಈಗ ಎಂಜಿನ್ ಒಳಗೆ ಏನಾಗುತ್ತದೆ ನೋಡಿ. ಆಯಿಲ್ ಇರುವುದು ಎಂಜಿನ್ನಿನ ತಳದ ಚೇಂಬರ್‌ನಲ್ಲಿ, ಒಂದು ಅಗಲವಾದ ತಟ್ಟೆ ಇದ್ದ ಹಾಗೆ. ತಟ್ಟೆ ಓರೆಯಾದರೂ ಆಯಿಲ್ ಮಟ್ಟವಾಗಿಯೇ ನಿಲ್ಲುತ್ತದೆ, ಅಂದರೆ ಒಂದು ಅಂಚಿನಲ್ಲಿ ಆಳ ಜಾಸ್ತಿ, ಇನ್ನೊಂದು ಅಂಚಿನಲ್ಲಿ ಕಮ್ಮಿ. ಈ ಕಾರಿನಲ್ಲಿ ಡಿಪ್‌ಸ್ಟಿಕ್ ಇಳಿಯುವುದು ಎಂಜಿನ್ನಿನ ಮುಂದಿನ ಬದಿಗೆ, ಚೇಂಬರ್‌ನ ನಡುವಿನಿಂದ ಹೆಚ್ಚುಕಡಿಮೆ 12 ಸೆಂ.ಮೀ. ದೂರ. 12ಕ್ಕೆ 1ರ ಏರು ಅಂದರೆ 12 ಸೆಂ.ಮೀ.ಗೆ 1 ಸೆಂ.ಮೀ. ಮೂತಿ ಮೇಲಿದೆ, ಆಯಿಲ್ ಹಿಂದಕ್ಕೆ ಹೋಗಿದೆ, ಕಡ್ಡಿಗೆ ಸಿಗುತ್ತಿರುವುದು ನಿಜವಾದ ಮಟ್ಟಕ್ಕಿಂತ 10 ಮಿ.ಮೀ. ಕಮ್ಮಿ. ಎಲ್‌ನಿಂದ ಎಫ್‌ವರೆಗೆ ಇರೋದೇ 20 ಮಿ.ಮೀ., ಅದರಲ್ಲಿ ಅರ್ಧವನ್ನು ರಸ್ತೆಯೇ ತಿಂದುಹಾಕಿದೆ.

ಲೆಕ್ಕ ಬಾಯಲ್ಲಿ ಹೇಳಿದರೆ ಮಾವ ಒಪ್ಪುವವರಲ್ಲ. ಕಾರು ತಿರುಗಿಸಿ ಅದೇ ಜಾಗದಲ್ಲಿ, ಈ ಸಲ ಮೂತಿ ಇಳಿಜಾರಿನ ಕಡೆಗೆ ಮಾಡಿ ನಿಲ್ಲಿಸಿದೆ. ಅತ್ತೆ ಕೊಟ್ಟ ಕಾಫಿ ಕುಡಿದು, 20 ನಿಮಿಷ ಬಿಟ್ಟು, ಕಡ್ಡಿಯನ್ನು ಅವರ ಕೈಗೇ ಕೊಟ್ಟೆ. ಒರೆಸಿದರು, ಹಾಕಿದರು, ಎಳೆದರು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಎಫ್‌ಗಿಂತ 21 ಮಿ.ಮೀ. ಮೇಲೆ. ಗುರುತು ದಾಟಿ ಕಡ್ಡಿಯ ಬೋಳು ಭಾಗದಲ್ಲಿ ಇತ್ತು. ಮತ್ತೊಮ್ಮೆ ಮಾಡಿದರು. ಅದೇ.

"ಹಾಗಾದ್ರೆ ಯಾವ್ದೋ ನಿಜ?"

ಎರಡರ ನಡುವಿನದು. 1 ಮತ್ತು 21, ಸರಾಸರಿ 11. ಸಪಾಟು ಜಾಗ ಸಿಗದವರಿಗೆ ಇದು ಉಪಯೋಗಕ್ಕೆ ಬರುವ ಉಪಾಯ, ಒಂದೇ ಜಾಗದಲ್ಲಿ ಎರಡು ದಿಕ್ಕಿಗೂ ನಿಲ್ಲಿಸಿ ನೋಡಿ ಸರಾಸರಿ ತಗೊಂಡರೆ ಓರೆ ಹೆಚ್ಚುಕಡಿಮೆ ವಜಾ ಆಗುತ್ತದೆ. ಆದರೂ ಸಪಾಟಿನಲ್ಲಿ ನೋಡದೆ ಬಿಡಬಾರದು ಅಂತ ಗಿರಿನಗರದ ನಮ್ಮ ಅಪಾರ್ಟ್‌ಮೆಂಟ್‌ಗೆ ತಂದೆವು. ಬೇಸ್‌ಮೆಂಟ್ ಸಪಾಟು ಅಂತ ನಾನೂ ಅಂದುಕೊಂಡಿದ್ದೆ. ರಸಮಟ್ಟ ಇಟ್ಟರೆ ನಮ್ಮ ಪಾರ್ಕಿಂಗ್ ಜಾಗವೇ ಮೋರಿಯ ಕಡೆಗೆ ವಾಲಿತ್ತು. ನೀರು ಹರಿದುಹೋಗಲಿ ಅಂತ ಹಾಗೇ ಕಟ್ಟಿರುತ್ತಾರೆ. ಮೂರು ಜಾಗ ನೋಡಿದ ಮೇಲೆ ಲಿಫ್ಟ್ ಪಕ್ಕದ ಒಂದು ಜಾಗದಲ್ಲಿ ಗುಳ್ಳೆ ಉದ್ದಕ್ಕೂ ಅಡ್ಡಕ್ಕೂ ನಡುವೆ ನಿಂತಿತು. ಅಲ್ಲಿ ನಿಲ್ಲಿಸಿ 15 ನಿಮಿಷಕ್ಕೆ ಒಂದು ಸಲ, ಸಂಜೆ ಪೂರ್ತಿ ತಣ್ಣಗಾದ ಮೇಲೆ ಒಂದು ಸಲ ನೋಡಿದೆವು. ಸಂಜೆಯದು ಎಫ್‌ಗಿಂತ 11 ಮಿ.ಮೀ. ಮೇಲೆ. ಮಧ್ಯಾಹ್ನದ್ದಕ್ಕೂ ಅದಕ್ಕೂ 1 ಮಿ.ಮೀ. ವ್ಯತ್ಯಾಸ, ಅಷ್ಟೇ.

ಬಿಸಿ ಇದ್ದಾಗ ನೋಡಬೇಕಾ, ತಣ್ಣಗಿದ್ದಾಗ ನೋಡಬೇಕಾ ಅನ್ನೋದು ತುಂಬಾ ಜನ ಕೇಳುವ ಪ್ರಶ್ನೆ. ಎರಡು ವಿಷಯ ಎದುರುಬದುರು ಕೆಲಸ ಮಾಡುತ್ತವೆ. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ, 25 ಡಿಗ್ರಿಯಿಂದ 95 ಡಿಗ್ರಿಗೆ ಹೋದರೆ ಹತ್ತಿರ ಹತ್ತಿರ 5%, ಅಂದರೆ 3 ಲೀಟರ್‌ಗೆ 150 ಮಿ.ಲೀ. ಇನ್ನೊಂದು ಕಡೆ, ಈಗಷ್ಟೇ ಆಫ್ ಮಾಡಿದ ಎಂಜಿನ್ನಿನಲ್ಲಿ ಒಂದಿಷ್ಟು ಆಯಿಲ್ ಇನ್ನೂ ಮೇಲೆ, ಹೆಡ್‌ನಲ್ಲಿ, ಗೋಡೆಗಳ ಮೇಲೆ ಇರುತ್ತದೆ, ಇಳಿದು ಬರಲು ಹೊತ್ತು ಬೇಕು. ಅದಕ್ಕೇ ಕಂಪನಿಯವರ ಕೈಪಿಡಿಯಲ್ಲಿ ಹೇಗೆ ನೋಡಬೇಕು ಅಂತ ಬರೆದಿರುತ್ತಾರೆ. ಹೋಂಡಾ ಕೈಪಿಡಿಗಳಲ್ಲಿ ಆಫ್ ಮಾಡಿ ಸುಮಾರು 3 ನಿಮಿಷ ಕಾಯಿರಿ ಅಂತ ಇರುತ್ತದೆ, ಟೊಯೋಟಾದವರು ಬಿಸಿ ಮಾಡಿ ಆಫ್ ಮಾಡಿ 5 ನಿಮಿಷಕ್ಕಿಂತ ಜಾಸ್ತಿ ಕಾಯಿರಿ ಅನ್ನುತ್ತಾರೆ. ನಿಮ್ಮ ಕಾರಿನದ್ದು ಏನು ಹೇಳುತ್ತದೋ ಅದೇ ಸರಿ. ನನ್ನ ಅನುಭವದಲ್ಲಿ 10-15 ನಿಮಿಷ ಕಾದರೆ ಎರಡಕ್ಕೂ ದೊಡ್ಡ ಅಂತರ ಉಳಿಯಲ್ಲ. ಒಂದೇ ನಿಮಿಷಕ್ಕೆ ನೋಡಿದರೆ ಮಾತ್ರ ಖಂಡಿತ ತಪ್ಪು. ಎಂಜಿನ್ ಓಡುತ್ತಿರುವಾಗ ನೋಡಬೇಕು ಅನ್ನುವವರೂ ಇದ್ದಾರೆ. ಅದು ಹಳೇ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್‌ನ ಪದ್ಧತಿ, ಎಂಜಿನ್ ಆಯಿಲ್‌ಗೆ ಅಲ್ಲ.

ಈಗ ಹಿಂದಕ್ಕೆ ಲೆಕ್ಕ ಹಾಕೋಣ. ಇವತ್ತಿನ ನಿಜವಾದ ಮಟ್ಟ ಎಲ್‌ನಿಂದ 31 ಮಿ.ಮೀ. ಮೇಲೆ. ಈ ಕಾರಿನಲ್ಲಿ ಎಲ್‌ನಿಂದ ಎಫ್‌ಗೆ 1 ಲೀಟರ್, ಅಂದರೆ 1 ಮಿ.ಮೀ.ಗೆ 50 ಮಿ.ಲೀ. ಮಾವ ಹಾಕಿದ್ದು ಒಟ್ಟು 1 ಲೀಟರ್, 20 ಮಿ.ಮೀ. ಅದನ್ನು ಕಳೆದರೆ 11. ಅಂದರೆ ಜೂನ್ ಮೊದಲ ವಾರ ಅವರು ಎಲ್ ಹತ್ತಿರ ಇದೆ ಅಂತ ಗಾಬರಿಯಾದಾಗ ಆಯಿಲ್ ನಿಜವಾಗಿ ಅರ್ಧಕ್ಕಿಂತ ಮೇಲೇ ಇತ್ತು. ಒಂದು ಹನಿ ಹಾಕುವ ಅಗತ್ಯವೂ ಇರಲಿಲ್ಲ. ಬಂಕ್‌ನಲ್ಲಿ ಲೋ ಕಂಡದ್ದು ಆಗತಾನೆ ಆಫ್ ಮಾಡಿದ್ದಕ್ಕೆ, ಕಡ್ಡಿ ಪೂರ್ತಿ ಕೂತಿರಲಿಲ್ಲವೋ ಏನೋ ಅದು ಬೇರೆ. ಆಮೇಲೆ ಮನೆ ಮುಂದೆ ಮಧ್ಯ ಅಂತ ಕಂಡಾಗ ಆಯಿಲ್ ಆಗಲೇ ಎಫ್ ಮುಟ್ಟಿತ್ತು. ಅದರ ಮೇಲೆ ಇನ್ನರ್ಧ ಲೀಟರ್.

ಹೆಚ್ಚಾದ ಆಯಿಲ್‌ನಿಂದ ಏನು ತೊಂದರೆ, ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಮಟ್ಟ ಏರಿದರೆ ಮೇಲೆ ತಿರುಗುವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಆಯಿಲ್ಲನ್ನು ಕಡೆಯಲು ಶುರು ಮಾಡುತ್ತದೆ, ಮಜ್ಜಿಗೆ ಕಡೆದ ಹಾಗೆ. ನೊರೆ ಬರುತ್ತದೆ. ನೊರೆಯಲ್ಲಿ ಗಾಳಿ ಇರುವುದರಿಂದ ಪಂಪ್ ಎಳೆದುಕೊಂಡದ್ದರಲ್ಲಿ ಬೇರಿಂಗ್‌ಗೆ ಬೇಕಾದ ಗಟ್ಟಿ ಆಯಿಲ್ ಪದರ ಸಿಗಲ್ಲ. ಆಯಿಲ್ ಆವಿ ಬ್ರೀದರ್ ಪೈಪಿನ ಮೂಲಕ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ ಹೋಗಿ ಪೆಟ್ರೋಲ್ ಜೊತೆ ಸುಟ್ಟು ನೀಲಿ ಹೊಗೆ ಆಗುತ್ತದೆ. ಆ ಬ್ರೀದರ್ ಪೈಪನ್ನು ಕಳಚಿ ಬೆರಳು ಹಾಕಿದೆ. ಬೆರಳು ತೊಯ್ದು ಬಂತು. ಅದನ್ನು ಮಾವನಿಗೆ ತೋರಿಸಿದಾಗ ಅವರ ಮುಖ ನೋಡಬೇಕಿತ್ತು, ಎರಡು ವಾರದಲ್ಲಿ ಮೊದಲ ಸಲ ಭುಜ ಸಡಿಲ ಬಿಟ್ಟರು. ಹೊಗೆಗೆ ಕಾರಣ ಕೈಗೆ ಸಿಕ್ಕಿತ್ತು.

ಹೆಚ್ಚುವರಿ ಆಯಿಲ್ ತೆಗೆಯಲು ಡ್ರೈನ್ ಬೋಲ್ಟ್ ಸಡಿಲಿಸುವುದು ಒಂದು ದಾರಿ, ಆದರೆ ಅರ್ಧ ಲೀಟರ್ ಬಿಟ್ಟು ಸರಿಯಾಗಿ ನಿಲ್ಲಿಸುವುದು ಕಷ್ಟ. ಮೆಡಿಕಲ್ ಶಾಪ್‌ನಿಂದ 50 ಮಿ.ಲೀ. ಸಿರಿಂಜ್ ಒಂದು, ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್ ಒಂದು ತಂದೆವು. ಡ್ರಿಪ್ಪಿನ ಟ್ಯೂಬನ್ನು ಡಿಪ್‌ಸ್ಟಿಕ್ ಪೈಪಿನೊಳಗೆ ಇಳಿಸಿ, ಸಿರಿಂಜ್‌ನಿಂದ ಎಳೆದು, ಖಾಲಿ ನೀರಿನ ಬಾಟಲಿಗೆ ಬಿಡುವುದು. ಎಂಜಿನ್ ಉಗುರುಬೆಚ್ಚಗೆ ಮಾಡಿಕೊಂಡು ಶುರು ಮಾಡಿದರೂ ಒಂದು ಸಿರಿಂಜ್ ತುಂಬಲು ಎರಡು ನಿಮಿಷ ಹಿಡಿಯಿತು. ಮಾವ ಒಂದೊಂದನ್ನೂ ಎಣಿಸಿ ಬರೆದರು. 13 ಸಿರಿಂಜ್, 650 ಮಿ.ಲೀ. ನಡುನಡುವೆ ಕಡ್ಡಿ ಹಾಕಿ ನೋಡುತ್ತಿದ್ದೆವು, ಪ್ರತಿ ನಾಲ್ಕು ಸಿರಿಂಜ್‌ಗೆ 4 ಮಿ.ಮೀ. ಇಳಿಯುತ್ತಿತ್ತು, 1 ಮಿ.ಮೀ.ಗೆ 50 ಮಿ.ಲೀ. ಅನ್ನುವ ಲೆಕ್ಕ ಕಣ್ಣೆದುರೇ ಸಾಬೀತಾಯಿತು. ಕೊನೆಗೆ ಎಫ್‌ಗಿಂತ 2 ಮಿ.ಮೀ. ಕೆಳಗೆ ನಿಲ್ಲಿಸಿದೆವು. ಬಾಟಲಿಯನ್ನು ಮೋರಿಗೆ ಚೆಲ್ಲದೆ, ಹಳೇ ಆಯಿಲ್ ಕೂಡಿಡುವ ಒಂದು ಗ್ಯಾರೇಜಿಗೆ ಕೊಟ್ಟೆವು.

ರಿಂಗ್ ವಿಷಯ ಬಾಕಿ ಇತ್ತು. ಸೋಮವಾರ ಬೇರೆ ಗ್ಯಾರೇಜಿನಲ್ಲಿ ಕಂಪ್ರೆಷನ್ ನೋಡಿಸಿದೆವು. ಮೂರೂ ಸಿಲಿಂಡರ್ 170ರಿಂದ 180 ಪಿಎಸ್ಐ ಒಳಗೇ ಬಂತು, ಒಂದಕ್ಕೊಂದು ಹತ್ತಿರ. ಅಂದರೆ ರಿಂಗ್ ಹೋಗಿರುವ ಲಕ್ಷಣ ಇಲ್ಲ. ಹೊಗೆ ಮೂರ್ನಾಲ್ಕು ದಿನ ಸ್ವಲ್ಪ ಸ್ವಲ್ಪ ಕಂಡು ನಿಂತುಹೋಯಿತು, ಪೈಪಿನಲ್ಲಿ ಉಳಿದ ಆಯಿಲ್ ಸುಟ್ಟುಹೋಗುವವರೆಗೆ ಅಷ್ಟು ಇರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಾವನೂ ಇದನ್ನೇ ಕೇಳಿದರು: "ಆಯಿಲ್ ಕಮ್ಮಿ ಆದ್ರೆ ಕೆಂಪು ಲೈಟ್ ಬರುತ್ತಲ್ಲ, ಅದನ್ನ ನೋಡಿದ್ರೆ ಸಾಲದಾ?" ಹೆಚ್ಚಿನ ಕಾರುಗಳಲ್ಲಿ ಎಣ್ಣೆ ಗಿಂಡಿಯ ಆ ಕೆಂಪು ದೀಪ ಹೇಳುವುದು ಆಯಿಲ್ ಪ್ರೆಷರ್, ಮಟ್ಟ ಅಲ್ಲ. ಅದು ಓಡುವಾಗ ಹತ್ತಿದರೆ ಎಂಜಿನ್‌ಗೆ ಬೇಕಾದ ಪ್ರೆಷರ್‌ನಲ್ಲಿ ಆಯಿಲ್ ಹೋಗುತ್ತಿಲ್ಲ ಅಂತ ಅರ್ಥ, ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಬೇಕು. ಕಡ್ಡಿ ನೋಡುವುದು ಆ ಹಂತಕ್ಕೆ ಹೋಗದಿರಲಿ ಅಂತ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರು ಇರುವವರು ಇನ್ನೊಂದನ್ನು ಗಮನಿಸಿ, ಸಿಟಿಯಲ್ಲಿ ಬರೀ ಸಣ್ಣ ಸಣ್ಣ ಓಡಾಟ ಇದ್ದರೆ ಹೊಗೆ ಫಿಲ್ಟರ್ ತನ್ನಲ್ಲಿ ಕೂತ ಮಸಿಯನ್ನು ಸುಡುವಾಗ ಡೀಸೆಲ್ ಆಯಿಲ್‌ಗೆ ಸೇರಿ ಮಟ್ಟ ತಾನಾಗೇ ಏರಬಹುದು. ಹಾಕದಿದ್ದರೂ ಏರಿದರೆ ಅದು ಒಳ್ಳೆ ಸುದ್ದಿ ಅಲ್ಲ.

ಈಗ ಮಾವ ತಿಂಗಳಿಗೆ ಎರಡು ಸಲ, ಗಿರಿನಗರಕ್ಕೆ ಬಂದಾಗ, ಅದೇ ಲಿಫ್ಟ್ ಪಕ್ಕದ ಜಾಗದಲ್ಲಿ ನಿಲ್ಲಿಸಿ, ನಮ್ಮನೆಗೆ ಬಂದು ಕಾಫಿ ಕುಡಿದು, ಇಳಿದುಹೋಗಿ ನೋಡುತ್ತಾರೆ. ಡೈರಿಯಲ್ಲಿ ತಾರೀಕು, ಕಿ.ಮೀ., ಎಫ್‌ನಿಂದ ಎಷ್ಟು ಮಿ.ಮೀ. ಕೆಳಗೆ, ಮೂರು ಕಾಲಂ. ಜುಲೈ ಕೊನೆಗೆ 1,200 ಕಿ.ಮೀ. ಆಗಿತ್ತು, 2 ಇದ್ದದ್ದು 3 ದಾಟಿ ಸ್ವಲ್ಪ ಇತ್ತು. ಐದು ವಾರಕ್ಕೆ 1 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅಂದರೆ 60-70 ಮಿ.ಲೀ. ಇಷ್ಟು ಹಳೇ ಎಂಜಿನ್‌ಗೆ ಅದು ಏನೂ ಅಲ್ಲ.

ಟ್ಯಾಪೆಟ್ ಕವರ್ ಜಿನುಗು ಮಾತ್ರ ಪೂರ್ತಿ ನಿಂತಿಲ್ಲ. ಗ್ಯಾಸ್ಕೆಟ್ ಜೆ.ಸಿ. ರೋಡಿನಿಂದ ತಂದು ಇಟ್ಟಿದ್ದೇವೆ, ಮುಂದಿನ ಸರ್ವೀಸ್‌ನಲ್ಲಿ ಬದಲಾಯಿಸುವುದು. ಅಲ್ಲಿಯವರೆಗೆ ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸುತ್ತಾರೆ, ಬೆಳಿಗ್ಗೆ ಎಷ್ಟು ಹನಿ ಬಿದ್ದಿದೆ ಅಂತ ಅತ್ತೆ ಎಣಿಸುತ್ತಾರೆ. ನಿನ್ನೆ ಎರಡು.